ಹೇರಳವಾಗಿದ್ದ ಹಕ್ಕಿ ಹೋಯಿತು, ಮೂವತ್ತೂ ಇರದ ಹಕ್ಕಿ ಉಳಿಯಿತು: ಲೇಸಾನ್ ರೇಲ್ ಮತ್ತು ಲಾರ್ಡ್ ಹೋವ್ ವುಡ್‌ಹೆನ್, ಒಂದು ಪ್ರಕರಣ ಅಧ್ಯಯನ

ಪೆಸಿಫಿಕ್ ಸಾಗರದ ಮಿಡ್ವೇ ದ್ವೀಪದಲ್ಲಿ 1943ರ ಆರಂಭದವರೆಗೂ ಲೇಸಾನ್ ರೇಲ್ ಎಂಬ ಒಂದು ಪುಟ್ಟ ಹಕ್ಕಿ ಎಲ್ಲೆಂದರಲ್ಲಿ ಓಡಾಡಿಕೊಂಡಿತ್ತು. ಪೊದೆಯ ಬುಡದಲ್ಲಿ, ಅಂಗಳದಲ್ಲಿ, ಬಾಗಿಲು ತೆರೆದಿದ್ದರೆ ಮನೆಯ ಒಳಗೂ. 1944ರ ಜೂನ್ ಆದಮೇಲೆ ಅದನ್ನು ಯಾರೂ ಎಲ್ಲೂ ನೋಡಿಲ್ಲ. ಇನ್ನೊಂದು ಕಡೆ, ಆಸ್ಟ್ರೇಲಿಯಾಕ್ಕೆ ಸೇರಿದ ಲಾರ್ಡ್ ಹೋವ್ ದ್ವೀಪದಲ್ಲಿ ಅದೇ ಕುಟುಂಬದ ಮತ್ತೊಂದು ಹಕ್ಕಿ, ವುಡ್‌ಹೆನ್, 1970ರ ದಶಕದ ಕೊನೆಗೆ ಮೂವತ್ತಕ್ಕೂ ಕಡಿಮೆ ಉಳಿದಿತ್ತು. ಅದು ಈಗ ಸಾವಿರ ದಾಟಿದೆ.

ಜಾಸ್ತಿ ಇದ್ದದ್ದು ಹೋಯಿತು. ಕೈಬೆರಳಲ್ಲಿ ಎಣಿಸುವಷ್ಟು ಇದ್ದದ್ದು ಉಳಿಯಿತು. ಇದು ಹೇಗಾಯಿತು ಅಂತ ನನ್ನನ್ನು ಬಹಳ ದಿನ ಕಾಡಿದೆ. ಮೊದಮೊದಲು ಅದೃಷ್ಟದ ಮಾತು ಅಂದುಕೊಂಡಿದ್ದೆ. ಎರಡೂ ಕಡೆಯ ಘಟನೆಗಳನ್ನು ವರ್ಷವಾರು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಹಾಗೆ ಅನಿಸುತ್ತಿಲ್ಲ. ಅದೃಷ್ಟದ ಪಾಲು ಇದೆ, ಆದರೆ ಅದಕ್ಕಿಂತ ದೊಡ್ಡದು ಮನುಷ್ಯರು ತೆಗೆದುಕೊಂಡ, ಅಥವಾ ತೆಗೆದುಕೊಳ್ಳದೇ ಬಿಟ್ಟ, ನಾಲ್ಕೈದು ತೀರ್ಮಾನಗಳು. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವ ವ್ಯಕ್ತಿಯ ಹೆಸರನ್ನೂ ಹಾಕಿಲ್ಲ. ಯಾರನ್ನೋ ದೂರುವುದಕ್ಕೋ ಹೊಗಳುವುದಕ್ಕೋ ಇದನ್ನು ಬರೆಯುತ್ತಿಲ್ಲ. ಅದೇ ಜಾಗದಲ್ಲಿ ಬೇರೆ ಯಾರಿದ್ದರೂ ಹಾಗೇ ಮಾಡುತ್ತಿದ್ದರೇನೋ, ಅಲ್ವಾ.

ಹಿನ್ನೆಲೆ

ರೇಲ್ ಅಂದರೆ ನಮ್ಮ ನಾಮಕೋಳಿ, ಹುಂಡುಕೋಳಿಗಳ ಕುಟುಂಬ. ಈ ಕುಟುಂಬದ ಹಕ್ಕಿಗಳಿಗೆ ಒಂದು ವಿಚಿತ್ರ ಚರಿತ್ರೆ ಇದೆ. ಹಾರಾಟದಲ್ಲಿ ಅಂಥ ನಿಪುಣರಲ್ಲ, ಆದರೂ ಗಾಳಿಗೆ ಸಿಕ್ಕೋ ದಾರಿ ತಪ್ಪಿಯೋ ಸಾಗರದ ನಡುವಿನ ದ್ವೀಪಗಳನ್ನು ಮತ್ತೆ ಮತ್ತೆ ತಲುಪಿವೆ. ಅಲ್ಲಿ ಹಿಡಿದು ತಿನ್ನುವ ಪ್ರಾಣಿ ಇಲ್ಲ. ಹಾರುವ ಅಗತ್ಯವೇ ಇಲ್ಲ. ದೊಡ್ಡ ರೆಕ್ಕೆ, ಎದೆಯ ದಪ್ಪ ಸ್ನಾಯು ಇವನ್ನೆಲ್ಲ ಸಾಕುವುದು ಸುಮ್ನೆ ಖರ್ಚು. ಹೀಗೆ ತಲೆಮಾರು ಕಳೆದಂತೆ ರೆಕ್ಕೆ ಚಿಕ್ಕದಾಯಿತು, ಕಾಲು ಗಟ್ಟಿಯಾಯಿತು, ಹೆದರಿಕೆ ಹೊರಟುಹೋಯಿತು. ಮನುಷ್ಯರು ಹಡಗಿನಲ್ಲಿ ಇಲಿ, ಬೆಕ್ಕು, ಹಂದಿಗಳ ಜತೆ ಬಂದಿಳಿದಾಗ ಈ ಹಕ್ಕಿಗಳ ಹತ್ತಿರ ಓಡುವ ಕಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಅಳಿದುಹೋದ ಹಕ್ಕಿಗಳ ಪಟ್ಟಿಯಲ್ಲಿ ದ್ವೀಪದ ರೇಲ್‌ಗಳು ಅಷ್ಟೊಂದು ಇರುವುದು ಇದೇ ಕಾರಣಕ್ಕೆ.

ಲೇಸಾನ್ ರೇಲ್ ಹವಾಯಿ ದ್ವೀಪಸಾಲಿನ ವಾಯವ್ಯ ತುದಿಯ ಕಡೆ ಇರುವ ಲೇಸಾನ್ ದ್ವೀಪದ್ದು. ದ್ವೀಪ ಅಂದರೆ ಎಷ್ಟು? ಸುಮಾರು 4 ಚದರ ಕಿ.ಮೀ. ನಡುವೆ ಒಂದು ಉಪ್ಪು ಕೆರೆ, ಸುತ್ತ ಹುಲ್ಲು, ಪೊದೆ, ಮರಳು, ಲಕ್ಷಗಟ್ಟಲೆ ಕಡಲಹಕ್ಕಿ. ರೇಲ್ ಬರೀ 15 ಸೆಂ.ಮೀ. ಉದ್ದ, ಗುಬ್ಬಚ್ಚಿಯ ಅಳತೆ. ಹಾರಲು ಬರುವುದಿಲ್ಲ. ನೊಣ, ಹುಳ, ಬೀಜ, ಸತ್ತ ಪ್ರಾಣಿಗೆ ಮುತ್ತುವ ಕೀಟ, ಸಿಕ್ಕರೆ ಕಡಲಹಕ್ಕಿಯ ಮೊಟ್ಟೆ, ಎಲ್ಲವೂ ಅದಕ್ಕೆ ಊಟವೇ. ಅದು ಮೊಟ್ಟೆ ಒಡೆಯುವ ರೀತಿಯನ್ನು 1890ರ ದಶಕದ ಬರಹಗಳಲ್ಲಿ ಓದಿದರೆ ಕಣ್ಣಿಗೆ ಕಟ್ಟುತ್ತದೆ. ತನ್ನ ತಲೆಗಿಂತ ದೊಡ್ಡ ಮೊಟ್ಟೆಯ ಮುಂದೆ ನಿಂತು, ನೆಲದಿಂದ ಮೇಲಕ್ಕೆ ಚಿಮ್ಮಿ, ಇಳಿಯುವಾಗ ಮೈಭಾರವನ್ನೆಲ್ಲ ಕೊಕ್ಕಿಗೆ ಹಾಕಿ ಕುಕ್ಕುವುದು. ಒಡೆಯಲಿಲ್ಲವಾ, ಮತ್ತೆ ಚಿಮ್ಮುವುದು. ಪಕ್ಕದಲ್ಲಿ ಮನುಷ್ಯ ನಿಂತು ನೋಡುತ್ತಿದ್ದರೂ ಅದಕ್ಕೆ ಲೆಕ್ಕವಿಲ್ಲ.

ವುಡ್‌ಹೆನ್ ಲಾರ್ಡ್ ಹೋವ್ ದ್ವೀಪದ್ದು. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಸುಮಾರು 600 ಕಿ.ಮೀ. ದೂರ. ದ್ವೀಪದ ವಿಸ್ತೀರ್ಣ ಸುಮಾರು 14.5 ಚದರ ಕಿ.ಮೀ. ದಕ್ಷಿಣದಲ್ಲಿ ಎರಡು ಕಡಿದಾದ ಬೆಟ್ಟ: 875 ಮೀಟರಿನ ಗೋವರ್, 777 ಮೀಟರಿನ ಲಿಡ್ಜ್‌ಬರ್ಡ್. ಹಕ್ಕಿ ಕಂದು ಬಣ್ಣದ್ದು, ಸಣ್ಣ ಕೋಳಿಯಷ್ಟು ಗಾತ್ರ, ಕೊಕ್ಕು ಸ್ವಲ್ಪ ಬಾಗಿದೆ. ಇದಕ್ಕೂ ಹಾರಲು ಬರುವುದಿಲ್ಲ. ಒಣಗಿದೆಲೆ ಕೆದಕಿ ಎರೆಹುಳ ತಿನ್ನುತ್ತದೆ. ಜೋಡಿಯಾಗಿ ತಮ್ಮದೇ ಒಂದು ಜಾಗ ಕಟ್ಟಿಕೊಂಡು ಅಲ್ಲೇ ಇರುತ್ತವೆ. ಹೊಸ ಸದ್ದು ಕೇಳಿದರೆ ಓಡಿಹೋಗುವುದಿಲ್ಲ, ಏನದು ಅಂತ ನೋಡಲು ಬರುತ್ತವೆ. ಎರಡು ಕಲ್ಲು ಹಿಡಿದು ಟಕಟಕ ಅನಿಸಿದರೆ ಪೊದೆಯಿಂದ ಹೊರಗೆ ಬಂದು, ಕತ್ತು ಚಾಚಿ, ಕಾಲ ಹತ್ತಿರವೇ ನಿಲ್ಲುತ್ತದೆ. 1788ರಲ್ಲಿ ಮೊದಲ ಹಡಗುಗಳು ಬಂದಾಗ ನಾವಿಕರು ಇವನ್ನು ಕೋಲಿನಲ್ಲಿ ಹೊಡೆದು ಅಡುಗೆಗೆ ಒಯ್ದರು. ಮುಂದೆ ಸಮೀಕ್ಷೆಗೆ ಬಂದವರು ಇದೇ ಕುತೂಹಲವನ್ನು ಬಳಸಿಕೊಂಡೇ ಹಕ್ಕಿಗಳನ್ನು ಎಣಿಸಿದರು. ಸಾವು ತಂದ ಗುಣವೇ ಲೆಕ್ಕ ಹಾಕುವುದಕ್ಕೂ ಒದಗಿತು.

ಇದೇ ಲಾರ್ಡ್ ಹೋವ್‌ನಲ್ಲಿ ಇನ್ನೊಂದು ರೇಲ್ ಇತ್ತು ಅನ್ನುವುದನ್ನೂ ಹೇಳಬೇಕು. ಬಿಳಿ ಜೌಗುಕೋಳಿ, ದೊಡ್ಡ ಹಕ್ಕಿ. 1834ರಲ್ಲಿ ಜನ ಅಲ್ಲಿ ನೆಲೆಸುವ ಹೊತ್ತಿಗೇ ಅದು ಮುಗಿದುಹೋಗಿತ್ತು. ಹಡಗಿನವರು ಬಂದು ಹೋಗುತ್ತಾ ತಿಂದೇ ಮುಗಿಸಿದರು ಅನ್ನಬಹುದು. ವಿಯೆನ್ನಾದಲ್ಲಿ ಒಂದು, ಲಿವರ್‌ಪೂಲ್‌ನಲ್ಲಿ ಒಂದು ಚರ್ಮ, ಆ ಕಾಲದ ಕೆಲವು ಚಿತ್ರ, ಒಂದಷ್ಟು ಮೂಳೆ. ಉಳಿದಿರುವುದು ಇಷ್ಟೇ.

ಲೇಸಾನ್‌ನಲ್ಲಿ ಏನಾಯಿತು

ಕಡಲಹಕ್ಕಿಗಳ ಹಿಕ್ಕೆಯನ್ನು ಗೊಬ್ಬರಕ್ಕಾಗಿ ಅಗೆಯಲು 1890ರ ದಶಕದಲ್ಲಿ ಲೇಸಾನ್‌ಗೆ ಜನ ಬಂದರು. 1903ರ ಸುಮಾರಿಗೆ ಅಲ್ಲಿ ಮೇಲ್ವಿಚಾರಣೆ ಮಾಡುತ್ತಿದ್ದವರೊಬ್ಬರು ಮೊಲಗಳನ್ನು ತಂದು ಬಿಟ್ಟರು. ಮಾಂಸದ ವ್ಯಾಪಾರದ ಯೋಚನೆ. ಹಕ್ಕಿಗಳಿಗೆ ಕೇಡು ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ಮೊಲ ಹಕ್ಕಿಯನ್ನು ತಿನ್ನುವುದಿಲ್ಲವಲ್ಲ, ಅದರಿಂದ ಏನಾದೀತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ.

ಮೊಲ ಹುಲ್ಲು ತಿಂದಿತು, ಪೊದೆ ತಿಂದಿತು, ಚಿಗುರು ತಿಂದಿತು, ಕೊನೆಗೆ ಬೇರೂ ತಿಂದಿತು. ತಡೆಯುವ ಪ್ರಾಣಿ ಇಲ್ಲದ ಕಡೆ ಅದರ ಸಂಖ್ಯೆ ಏರಿದ್ದೇ ಏರಿದ್ದು. 1909ರಲ್ಲಿ ಅಮೆರಿಕದ ಅಧ್ಯಕ್ಷರು ಈ ದ್ವೀಪಗಳನ್ನು ಹಕ್ಕಿಗಳ ಮೀಸಲು ಪ್ರದೇಶ ಅಂತ ಘೋಷಿಸಿದರು. ಪುಕ್ಕಕ್ಕಾಗಿ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳನ್ನು ಕೊಲ್ಲುವವರ ವಿರುದ್ಧ ಅದು ಕೆಲಸಕ್ಕೆ ಬಂತು. ಮೊಲಗಳಿಗೆ ಮೀಸಲು ಪ್ರದೇಶ ಅಂದರೆ ಏನು ಗೊತ್ತು? 1911ರಲ್ಲಿ ಹೋದ ತಂಡ ರೇಲ್‌ಗಳು ಸುಮಾರು 2000 ಇರಬಹುದು ಅಂತ ಅಂದಾಜು ಮಾಡಿತು. ಅಂದರೆ ಆಗ ಹಕ್ಕಿ ಇನ್ನೂ ಧಾರಾಳವಾಗಿಯೇ ಇತ್ತು.

ನನ್ನ ಪ್ರಕಾರ ಮೊದಲ ತಿರುವು ಅದರ ಮರುವರ್ಷದ್ದು. 1912-13ರ ಚಳಿಗಾಲದಲ್ಲಿ ಮೊಲಗಳನ್ನು ಮುಗಿಸಲೆಂದೇ ಒಂದು ತಂಡ ಹೋಯಿತು. ಸಮಸ್ಯೆ ಏನು ಅಂತ ಆ ಹೊತ್ತಿಗೆ ಗೊತ್ತಿತ್ತು, ಇದನ್ನು ಗಮನಿಸಬೇಕು. ಅವರು ಐದು ಸಾವಿರಕ್ಕೂ ಹೆಚ್ಚು ಮೊಲ ಹೊಡೆದರು. ಗುಂಡು ಖಾಲಿಯಾಯಿತು. ವಾಪಸ್ ಬಂದರು. ದ್ವೀಪದಲ್ಲಿ ಇನ್ನೂ ಸಾವಿರಾರು ಮೊಲ ಉಳಿದಿದ್ದವು.

ಐದು ಸಾವಿರ ಅಂದರೆ ಕೇಳಲು ದೊಡ್ಡ ಸಂಖ್ಯೆ. ವರದಿಯಲ್ಲಿ ಬರೆದರೆ ಕೆಲಸ ಆಗಿದೆ ಅನಿಸುತ್ತದೆ. ಆದರೆ ಮೊಲದ ವಿಷಯದಲ್ಲಿ ಮುಕ್ಕಾಲು ಪಾಲು ಕೊಂದರೂ ಏನೂ ಕೊಂದಂತಲ್ಲ. ಉಳಿದವಕ್ಕೆ ಹುಲ್ಲು ಜಾಸ್ತಿ ಸಿಗುತ್ತದೆ, ಮರಿ ಜಾಸ್ತಿ ಹಾಕುತ್ತವೆ, ಒಂದೆರಡು ವರ್ಷದಲ್ಲಿ ಮೊದಲಿನ ಲೆಕ್ಕಕ್ಕೇ ಬಂದು ನಿಲ್ಲುತ್ತವೆ. ಹಾಗೇ ಆಯಿತು. ಮುಂದಿನ ತಂಡ ಹೋಗಿದ್ದು ಹತ್ತು ವರ್ಷದ ಮೇಲೆ.

1923ರಲ್ಲಿ ಟ್ಯಾನೇಜರ್ ಎಂಬ ಹಡಗಿನಲ್ಲಿ ವಿಜ್ಞಾನಿಗಳು ಬಂದಿಳಿದಾಗ ಲೇಸಾನ್ ಮರಳುಗಾಡಾಗಿತ್ತು. ಅಲ್ಲಲ್ಲಿ ಒಂದೊಂದು ಗಿಡ. ಲೇಸಾನ್‌ನದೇ ಆದ ಕೆಂಪು ಜೇನುಹಕ್ಕಿಯ ಕೊನೆಯ ಮೂರನ್ನು ಅವರು ನೋಡಿದರು. ಅವರು ಅಲ್ಲಿದ್ದಾಗಲೇ ಮರಳಿನ ಬಿರುಗಾಳಿ ಎದ್ದಿತು. ಅದಾದ ಮೇಲೆ ಆ ಮೂರೂ ಇರಲಿಲ್ಲ. ಒಂದು ಪ್ರಭೇದದ ಕೊನೆ ಹೀಗೆ ಕಣ್ಣೆದುರೇ ಆಗುವುದನ್ನು ಊಹಿಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ರೇಲ್‌ಗಳು ಸಿಕ್ಕಿದ್ದು ಎರಡೇ ಎರಡು. ತಂಡ ಈ ಸಲ ಮೊಲಗಳನ್ನು ಪೂರ್ತಿ ಮುಗಿಸಿತು. ಮಿಡ್ವೇಯಿಂದ ಕೆಲವು ರೇಲ್‌ಗಳನ್ನು ತಂದು ಲೇಸಾನ್‌ನಲ್ಲಿ ಬಿಟ್ಟೂ ನೋಡಿದರು. ನೆರಳಿಲ್ಲ, ಹುಳುವಿಲ್ಲ, ಗೂಡು ಕಟ್ಟಲು ಹುಲ್ಲಿಲ್ಲ. ಅವು ಉಳಿಯಲಿಲ್ಲ.

ಎರಡನೇ ಮನೆ

ಮಿಡ್ವೇಗೆ ರೇಲ್ ಬಂದದ್ದು ಹೇಗೆ ಅಂತ ಕೇಳಬಹುದು. 1891ರ ಸುಮಾರಿಗೆ ಯಾರೋ ಲೇಸಾನ್‌ನಿಂದ ಕೆಲವು ಹಕ್ಕಿ ಒಯ್ದು ಅಲ್ಲಿ ಬಿಟ್ಟಿದ್ದರು. ಸಂರಕ್ಷಣೆಯ ಯೋಜನೆ ಏನೂ ಇರಲಿಲ್ಲ. ಆದರೆ ಅವು ಅಲ್ಲಿ ಹೊಂದಿಕೊಂಡವು, ಚೆನ್ನಾಗಿ ಹೆಚ್ಚಿದವು. ಇದರಿಂದ ಒಂದು ದೊಡ್ಡ ಉಪಕಾರ ಆಯಿತು: ಮೂಲ ದ್ವೀಪದಲ್ಲಿ ಹಕ್ಕಿ ಮುಗಿದರೂ ಪ್ರಭೇದ ಮುಗಿಯಲಿಲ್ಲ. ಒಂದು ತೊಂದರೆಯೂ ಆಯಿತು. ಮಿಡ್ವೇಯಲ್ಲಿ ಬೇಕಾದಷ್ಟು ಇದೆಯಲ್ಲ ಅಂತ ಎಲ್ಲರೂ ನಿಶ್ಚಿಂತೆಯಿಂದ ಇದ್ದುಬಿಟ್ಟರು.

ನಾನು ಮತ್ತೆ ಮತ್ತೆ ತಿರುಗಿ ನೋಡುವುದು ಈ ಘಟ್ಟವನ್ನು. ಮೊಲ ಹೋದ ಮೇಲೆ ಲೇಸಾನ್ ನಿಧಾನಕ್ಕೆ ಹಸಿರಾಯಿತು. 1930ರ ದಶಕ ಮುಗಿಯುವ ಹೊತ್ತಿಗೆ ಹುಲ್ಲು, ಪೊದೆ ಮತ್ತೆ ಬಂದಿದ್ದವು. ಇಲಿ ಇಲ್ಲ, ಬೆಕ್ಕಿಲ್ಲ, ಮೊಲವೂ ಇಲ್ಲ. ಅಂದರೆ ರೇಲ್‌ನ ತವರು ಖಾಲಿ ಬಿದ್ದಿತ್ತು, ಸಿದ್ಧವಾಗಿತ್ತು. ಸುಮಾರು 600 ಕಿ.ಮೀ. ದೂರದ ಮಿಡ್ವೇಯಲ್ಲಿ ಅದೇ ಹಕ್ಕಿ ಹೇರಳವಾಗಿ, ಕೈಗೆ ಸಿಗುವಷ್ಟು ಸಾಧುವಾಗಿ ಓಡಾಡುತ್ತಿತ್ತು. ಒಂದು ದೋಣಿ, ಹತ್ತಿಪ್ಪತ್ತು ಪೆಟ್ಟಿಗೆ, ಕೆಲವು ದಿನದ ಪ್ರಯಾಣ. 1923ರಲ್ಲಿ ಒಮ್ಮೆ ಮಾಡಿದ್ದ ಕೆಲಸವನ್ನೇ ಇನ್ನೊಮ್ಮೆ ಮಾಡುವುದಷ್ಟೇ. ಮೊದಲ ಸಲ ಸೋತಿದ್ದು ಗಿಡ ಇಲ್ಲ ಅನ್ನುವ ಕಾರಣಕ್ಕೆ. ಆ ಕಾರಣ ಈಗ ಇರಲಿಲ್ಲ.

ಯಾರೂ ಮಾಡಲಿಲ್ಲ. ಬೇಡ ಅಂತ ತೀರ್ಮಾನಿಸಿ ಬಿಟ್ಟದ್ದಲ್ಲ. ತುರ್ತು ಅನಿಸಲಿಲ್ಲ, ಅಷ್ಟೇ. ಆಮೇಲೆ ಯುದ್ಧ ಬಂತು. ಮಿಡ್ವೇ ನೌಕಾನೆಲೆಯಾಯಿತು. 1943ರಲ್ಲಿ ನೌಕಾಪಡೆಯ ಒಂದು ಸಾಗಣೆ ದೋಣಿಯ ಮೂಲಕ ಇಲಿಗಳು ದಡ ಸೇರಿದವು. ಹಡಗಿನಲ್ಲಿ ಸಾಮಾನ್ಯವಾಗಿ ಇರುವ ಕಪ್ಪು ಇಲಿ. ಅದು ಮರ ಹತ್ತುತ್ತದೆ, ಬಿಲದೊಳಗೂ ನುಗ್ಗುತ್ತದೆ, ರಾತ್ರಿ ತಿರುಗುತ್ತದೆ. 15 ಸೆಂ.ಮೀ. ಹಕ್ಕಿ, ನೆಲದ ಮೇಲೆ ಗೂಡು, ಹಾರಲು ಬಾರದು. ಎರಡೇ ವರ್ಷದೊಳಗೆ ಎಲ್ಲ ಮುಗಿಯಿತು. ಅಲ್ಲಿಗೆ ಒಯ್ದಿದ್ದ ಲೇಸಾನ್ ಫಿಂಚ್‌ಗಳೂ ಮಿಡ್ವೇಯಲ್ಲಿ ಇಲಿಗೆ ಬಲಿಯಾದವು. ಆದರೆ ಫಿಂಚ್ ಲೇಸಾನ್‌ನಲ್ಲಿ ಉಳಿದುಕೊಂಡಿತ್ತು, ಹಾಗಾಗಿ ಅದು ಇವತ್ತೂ ಇದೆ. ಎರಡು ಕಡೆ ಇದ್ದದ್ದು ಉಳಿಯಿತು, ಒಂದೇ ಕಡೆ ಇದ್ದದ್ದು ಹೋಯಿತು.

ಲಾರ್ಡ್ ಹೋವ್‌ನಲ್ಲಿ ಏನಾಯಿತು

ಲಾರ್ಡ್ ಹೋವ್‌ಗೆ ಇಲಿ ಬಂದದ್ದು ಮಿಡ್ವೇಗಿಂತ 25 ವರ್ಷ ಮೊದಲೇ. 1918ರಲ್ಲಿ ಮಕಾಂಬೊ ಎಂಬ ಹಡಗು ದಡದ ಬಳಿ ನೆಲಕ್ಕೆ ತಗಲಿ ನಿಂತಾಗ ಇಲಿಗಳು ಇಳಿದವು. ಮುಂದಿನ ಕೆಲವೇ ವರ್ಷಗಳಲ್ಲಿ ಆ ದ್ವೀಪದ್ದೇ ಆದ ಐದು ಬಗೆಯ ಹಕ್ಕಿ ಇಲ್ಲವಾದವು. ವುಡ್‌ಹೆನ್ ಮಾತ್ರ ಇಲಿಯ ಜತೆಗೇ ಬದುಕಿತು. ಕಾರಣ ಗಾತ್ರ. ಸಣ್ಣ ಕೋಳಿಯಷ್ಟಿರುವ, ಗಟ್ಟಿ ಕೊಕ್ಕಿನ ಹಕ್ಕಿಯ ಗೂಡಿನಿಂದ ಮೊಟ್ಟೆ ಕದಿಯುವುದು ಇಲಿಗೆ ಸುಲಭವಲ್ಲ. ವುಡ್‌ಹೆನ್ ಇಲಿಯನ್ನೇ ಅಟ್ಟಿಸಿಕೊಂಡು ಹೋಗಬಲ್ಲದು. ಅದೃಷ್ಟದ ಪಾಲು ಇದೆ ಅಂದೆನಲ್ಲ, ಅದು ಇದೇ. ಲೇಸಾನ್ ರೇಲ್‌ಗೆ ಈ ಗಾತ್ರ ಇದ್ದಿದ್ದರೆ ಮಿಡ್ವೇಯಲ್ಲಿ ಇನ್ನಷ್ಟು ವರ್ಷ ತಡೆದುಕೊಳ್ಳುತ್ತಿತ್ತೇನೋ.

ಆದರೂ 1970ರ ದಶಕದಲ್ಲಿ ಸಮೀಕ್ಷೆಗೆ ಹೋದವರಿಗೆ ವುಡ್‌ಹೆನ್ ಸಿಕ್ಕಿದ್ದು ಮುಖ್ಯವಾಗಿ ಗೋವರ್ ಬೆಟ್ಟದ ನೆತ್ತಿಯಲ್ಲಿ. ಸುಮಾರು 25 ಹೆಕ್ಟೇರಿನ ಮೋಡ ಮುಸುಕಿದ, ಪಾಚಿ ತುಂಬಿದ ಕಾಡು. ಒಟ್ಟು ಸಂಖ್ಯೆ ಮೂವತ್ತಕ್ಕೂ ಕಡಿಮೆ, ಮರಿ ಮಾಡುವ ಜೋಡಿಗಳಂತೂ ಬೆರಳೆಣಿಕೆ.

ಇಲ್ಲಿ ಒಂದು ಸುಲಭದ ತಪ್ಪು ಕಾದು ಕೂತಿತ್ತು. ಹಕ್ಕಿ ಬೆಟ್ಟದ ತುದಿಯಲ್ಲಿದೆ, ಹಾಗಾದರೆ ಇದು ಬೆಟ್ಟದ ಹಕ್ಕಿ, ತುದಿಯನ್ನು ಕಾಪಾಡಿದರೆ ಸಾಕು ಅಂದುಕೊಳ್ಳುವ ತಪ್ಪು. ಹಾಗೆ ಮಾಡಿದ್ದರೆ ಒಂದು ಬೇಲಿ, ಒಂದು ಫಲಕ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಅಧ್ಯಯನಕ್ಕೆ ನಿಂತವರು ಬೇರೆ ಪ್ರಶ್ನೆ ಕೇಳಿದರು: 1788ರಲ್ಲಿ ನಾವಿಕರು ಇದನ್ನು ಕಡಲ ದಡದ ತಗ್ಗಿನಲ್ಲೇ ಹೊಡೆದರಲ್ಲ, ಹಾಗಿದ್ದರೆ ಕೆಳಗೆ ಈಗ ಯಾಕಿಲ್ಲ? ಇಲಿ ಕೆಳಗೂ ಇದೆ, ಮೇಲೂ ಇದೆ. ಆಹಾರ ಕೆಳಗೇ ಜಾಸ್ತಿ. ಹಾಗಾದರೆ ಕೆಳಗಿದ್ದು ಮೇಲಿಲ್ಲದ ಪ್ರಾಣಿ ಯಾವುದು?

ಕಾಡುಬಿದ್ದ ಹಂದಿ. ಗೋವರ್‌ನ ನೆತ್ತಿಗೆ ಹತ್ತಲು ಹಂದಿಗೆ ಆಗುತ್ತಿರಲಿಲ್ಲ, ಸುತ್ತ ಕಡಿದಾದ ಬಂಡೆ. ಹಂದಿ ಹೋಗಬಲ್ಲ ಕಡೆ ವುಡ್‌ಹೆನ್ ಇಲ್ಲ, ಹೋಗಲಾರದ ಕಡೆ ಇದೆ. ನೆಲದ ಗೂಡನ್ನು ಮೂತಿಯಲ್ಲಿ ಬಗೆದು ಮೊಟ್ಟೆ, ಮರಿ, ಕೂತ ಹಕ್ಕಿಯನ್ನೂ ತಿನ್ನುವ ಪ್ರಾಣಿ ಅದು. ಬೆಟ್ಟದ ತುದಿ ಆ ಹಕ್ಕಿಯ ಇಷ್ಟದ ಮನೆಯಾಗಿರಲಿಲ್ಲ. ಬೆನ್ನಟ್ಟಿದವರ ಕೈಗೆ ಸಿಗದೆ ಉಳಿದ ಮೂಲೆಯಾಗಿತ್ತು. ಚಳಿ, ತೇವ, ಆಹಾರ ಕಡಿಮೆ. ಅಲ್ಲಿ ಅದು ಹೇಗೋ ದಿನ ದೂಡುತ್ತಿತ್ತು. ಅಳಿವಿನಂಚಿನ ಯಾವ ಪ್ರಾಣಿಯ ವಿಷಯ ಓದುವಾಗಲೂ ಈಗ ನನಗೆ ಇದೇ ನೆನಪಾಗುತ್ತದೆ. ಅದು ಈಗ ಎಲ್ಲಿದೆ ಅನ್ನುವುದರಿಂದ ಅದಕ್ಕೆ ಏನು ಬೇಕು ಅಂತ ತಿಳಿಯುವುದಿಲ್ಲ.

ಏನು ಮಾಡಿದರು

ಎರಡು ಕೆಲಸ ಒಟ್ಟೊಟ್ಟಿಗೆ ನಡೆಯಿತು. ನನಗೆ ಈ ಒಟ್ಟೊಟ್ಟಿಗೆ ಅನ್ನುವುದೇ ಮುಖ್ಯ. ಒಂದು ಕಡೆ ಬೇಟೆಗಾರರು ಹಂದಿಗಳನ್ನು ಹೊಡೆಯಲು ಶುರುಮಾಡಿದರು. ಬರೀ ಸಂಖ್ಯೆ ಇಳಿಸುವುದಲ್ಲ, ದ್ವೀಪದಲ್ಲಿ ಒಂದೂ ಇರಬಾರದು ಅನ್ನುವ ಗುರಿ. 1980ರ ದಶಕದ ಆರಂಭದೊಳಗೆ ಅದು ಮುಗಿಯಿತು. ಕಾಡುಬಿದ್ದ ಬೆಕ್ಕುಗಳನ್ನೂ ತೆಗೆದರು, ಸಾಕುಬೆಕ್ಕು ತರುವುದನ್ನೂ ನಿಷೇಧಿಸಿದರು. ಬೆಕ್ಕು ಸಾಕಿದ್ದ ಮನೆಯವರಿಗೆ ಅದು ಸಣ್ಣ ತ್ಯಾಗವಲ್ಲ.

ಇನ್ನೊಂದು ಕಡೆ, 1980ರಲ್ಲಿ ಮೂರು ಜೋಡಿಗಳನ್ನು ಬೆಟ್ಟದ ತುದಿಯಿಂದ ಕೆಳಗೆ ತಂದು, ಮರಿ ಮಾಡಿಸಲು ಪಂಜರದಂಥ ಗೂಡುಗಳಲ್ಲಿ ಇಟ್ಟರು. ಈ ತೀರ್ಮಾನದ ಭಾರ ಎಷ್ಟಿತ್ತು ಅಂತ ಯೋಚಿಸಿ. ಮೂವತ್ತಕ್ಕೂ ಕಡಿಮೆ ಹಕ್ಕಿ, ಅದರಲ್ಲಿ ಮರಿ ಮಾಡುವ ಜೋಡಿಗಳೇ ನಾಲ್ಕಾರು. ಅವುಗಳನ್ನೇ ಹಿಡಿದು ಒಯ್ಯಬೇಕು. ದಾರಿಯಲ್ಲಿ ಒಂದು ಸತ್ತರೆ? ಗೂಡಿನಲ್ಲಿ ಮೊಟ್ಟೆ ಇಡದೇ ಹೋದರೆ? ಬೆಟ್ಟದ ಮೇಲೆ ಬಿಟ್ಟಿದ್ದರೆ ಬದುಕುತ್ತಿದ್ದವು ಅಂತ ಜನ ಬೈಯುವುದು ಖಂಡಿತ. ಏನೂ ಮಾಡದೇ ಇದ್ದರೆ ಯಾರೂ ಬೈಯುತ್ತಿರಲಿಲ್ಲ, ಹಕ್ಕಿ ತಾನಾಗಿಯೇ ಹೋಯಿತು ಅನ್ನುತ್ತಿದ್ದರು. ಲೇಸಾನ್ ರೇಲ್ ವಿಷಯದಲ್ಲಿ ಹಾಗೆ ಅನ್ನುವುದು ಎಷ್ಟು ಸುಲಭವಾಯಿತು ನೋಡಿ.

ಗೂಡುಗಳನ್ನು ದೂರದ ಮೃಗಾಲಯದಲ್ಲಿ ಕಟ್ಟದೆ ಅದೇ ದ್ವೀಪದ ತಗ್ಗಿನಲ್ಲಿ ಕಟ್ಟಿದ್ದೂ ಒಳ್ಳೆಯ ತೀರ್ಮಾನ. ಅದೇ ಹವೆ, ಅದೇ ಮಣ್ಣು. ಹೊರಗಿನ ರೋಗ ಅಂಟುವ ಭಯ ಕಡಿಮೆ. ಬಿಡುಗಡೆ ಮಾಡುವಾಗ ಸಮುದ್ರ ದಾಟಿಸುವ ಕೆಲಸವಿಲ್ಲ. ಕೆಳಗಿನ ಬೆಚ್ಚಗಿನ ಜಾಗದಲ್ಲಿ, ಹೊಟ್ಟೆ ತುಂಬ ಆಹಾರ ಸಿಕ್ಕಾಗ ಈ ಜೋಡಿಗಳು ಒಂದಾದ ಮೇಲೆ ಒಂದರಂತೆ ಮರಿ ಮಾಡಿದವು. ಬೆಟ್ಟದ ಹಕ್ಕಿ ಅಲ್ಲ ಅನ್ನುವ ಊಹೆ ನಿಜ ಅಂತ ಹಕ್ಕಿಗಳೇ ತೋರಿಸಿದ ಹಾಗಾಯಿತು. 1984ರೊಳಗೆ ಎಂಬತ್ತಕ್ಕೂ ಹೆಚ್ಚು ಹಕ್ಕಿಗಳನ್ನು ದ್ವೀಪದ ಬೇರೆ ಬೇರೆ ಕಡೆ ಬಿಟ್ಟರು. ಅಷ್ಟರಲ್ಲಿ ಹಂದಿ ಇರಲಿಲ್ಲ. ಹಂದಿ ಇದ್ದಾಗಲೇ ಬಿಟ್ಟಿದ್ದರೆ ಅಷ್ಟೂ ಹಕ್ಕಿಯನ್ನು ಹಂದಿಗೆ ಉಣಬಡಿಸಿದ ಹಾಗೆ ಆಗುತ್ತಿತ್ತು. 1923ರಲ್ಲಿ ಗಿಡವಿಲ್ಲದ ಲೇಸಾನ್‌ಗೆ ರೇಲ್ ತಂದು ಬಿಟ್ಟದ್ದರ ಜತೆ ಇದನ್ನು ಇಟ್ಟು ನೋಡಿ. ಕೆಲಸ ಎರಡೂ ಕಡೆ ಒಂದೇ, ಹಕ್ಕಿ ತಂದು ಬಿಡುವುದು. ಬಿಟ್ಟ ಜಾಗ ಹಕ್ಕಿಗೆ ತಯಾರಿತ್ತೋ ಇಲ್ಲವೋ ಅನ್ನುವುದೊಂದೇ ವ್ಯತ್ಯಾಸ.

ಹಕ್ಕಿ ಮನೆಗಳ ಅಂಗಳಕ್ಕೂ ಬಂತು. ಸಂಖ್ಯೆ ಇನ್ನೂರರ ಆಸುಪಾಸಿಗೆ ಏರಿ ಅಲ್ಲೇ ನಿಂತಿತು. ಗೆದ್ದೆವು ಅಂತ ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ.

ಎರಡನೇ ಸುತ್ತು

ಇಲಿ ಇನ್ನೂ ಇತ್ತು. ವುಡ್‌ಹೆನ್ ಅದರ ಜತೆ ಬದುಕುತ್ತಿತ್ತು ನಿಜ, ಆದರೆ ಎರೆಹುಳ, ಬಸವನಹುಳು, ಬೀಜ, ಎಲ್ಲದಕ್ಕೂ ಪಾಲುದಾರ. ಇಲಿಯನ್ನು ಹಿಡಿಯಲಿ ಅಂತ 1920ರ ದಶಕದಲ್ಲಿ ತಂದು ಬಿಟ್ಟಿದ್ದ ಗೂಬೆಗಳು ಬೇರೆ ಹಕ್ಕಿಗಳನ್ನೇ ಹಿಡಿಯುತ್ತಿದ್ದವು. ಇಡೀ ದ್ವೀಪದಲ್ಲಿ ವಿಷದ ಆಹಾರ ಹಾಕಿ ಇಲಿ, ಚುಂಡಿಲಿ ಎರಡನ್ನೂ ನಿರ್ಮೂಲ ಮಾಡುವ ಯೋಜನೆ ಬಂತು. ಮುನ್ನೂರೈವತ್ತರ ಆಸುಪಾಸು ಜನ ವಾಸಿಸುವ, ಪ್ರವಾಸಿಗರು ಬರುವ ಊರಿನಲ್ಲಿ ವಿಷ ಹಾಕುವುದು ಅಂದರೆ ಸುಮ್ಮನೆ ಮಾತಲ್ಲ. ಮಕ್ಕಳಿದ್ದಾರೆ, ದನ ಇವೆ. ಹಲವು ವರ್ಷ ಜಗಳ ನಡೆಯಿತು. 2015ರಲ್ಲಿ ನಿವಾಸಿಗಳ ಅಭಿಪ್ರಾಯ ಕೇಳಿದಾಗ ಒಪ್ಪಿದವರು ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ಒಪ್ಪದವರನ್ನು ಹಕ್ಕಿದ್ವೇಷಿಗಳು ಅನ್ನಲು ನನಗೆ ಮನಸ್ಸಿಲ್ಲ. ಅವರ ಮನೆ ಅದು, ಅವರ ನೀರು, ಅವರ ಮಕ್ಕಳು.

ವಿಷದ ತುಣುಕನ್ನೋ ಸತ್ತ ಇಲಿಯನ್ನೋ ವುಡ್‌ಹೆನ್ ತಿಂದೇ ತಿನ್ನುತ್ತದೆ. ಅದರ ಕುತೂಹಲ ಗೊತ್ತಲ್ಲ. ಹಾಗಾಗಿ 2019ರಲ್ಲಿ ವಿಷ ಹಾಕುವ ಮೊದಲು ದ್ವೀಪದಲ್ಲಿದ್ದ ವುಡ್‌ಹೆನ್‌ಗಳಲ್ಲಿ ಬಹುಪಾಲನ್ನು, ಇನ್ನೂರಕ್ಕೂ ಹೆಚ್ಚನ್ನು, ಹಿಡಿದು ಗೂಡುಗಳಲ್ಲಿ ಇಟ್ಟರು. ಸಿಡ್ನಿಯ ಟಾರೊಂಗಾ ಮೃಗಾಲಯದವರು ಬಂದು ತಿಂಗಳುಗಟ್ಟಲೆ ಅವನ್ನು ನೋಡಿಕೊಂಡರು. ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿ ಹೊತ್ತು ನಡೆದ ಹಾಗೆ. 1980ರಲ್ಲಿ ಮೂರು ಜೋಡಿಯಿಂದ ಕಲಿತ ಅನುಭವ ಇಲ್ಲದಿದ್ದರೆ ಈ ಧೈರ್ಯ ಯಾರಿಗೂ ಬರುತ್ತಿರಲಿಲ್ಲ ಅಂತ ನನಗನಿಸುತ್ತದೆ.

ಬಿಡುಗಡೆಯಾದ ಮೇಲೆ ಆದದ್ದನ್ನು ನೋಡಿ. ಮೂರೂವರೆ ದಶಕ ಇನ್ನೂರರ ಸುತ್ತಮುತ್ತಲೇ ನಿಂತಿದ್ದ ಹಕ್ಕಿ ಕೆಲವೇ ವರ್ಷದಲ್ಲಿ ಸಾವಿರ ದಾಟಿತು. ದ್ವೀಪದಲ್ಲಿ ಇಷ್ಟಕ್ಕೇ ಜಾಗ ಇರುವುದು ಅಂತ ಅಂದುಕೊಂಡಿದ್ದ ಲೆಕ್ಕವೆಲ್ಲ ಇಲಿ ಇದ್ದ ದ್ವೀಪದ ಲೆಕ್ಕವಾಗಿತ್ತು.

2021ರಲ್ಲಿ ಮತ್ತೆ ಇಲಿ ಕಾಣಿಸಿತು. ಎರಡು, ಅದರಲ್ಲೊಂದು ಬಸುರಿ. ಕೂಡಲೇ ನಾಯಿಗಳನ್ನು ತಂದು ವಾಸನೆ ಹಿಡಿಸಿ, ಬೋನಿಟ್ಟು, ವಿಷವಿಟ್ಟು ಬೆನ್ನು ಹತ್ತಿದರು. ನಾಳೆ ನೋಡೋಣ ಅನ್ನಲಿಲ್ಲ. 1943ರ ಮಿಡ್ವೇಯಲ್ಲಿ ಯುದ್ಧದ ನಡುವೆ ಇಲಿಯ ಕಡೆ ತಿರುಗಿ ನೋಡುವವರು ಯಾರಿದ್ದರು?

ಎರಡನ್ನೂ ಪಕ್ಕಪಕ್ಕ ಇಟ್ಟಾಗ

ಲೇಸಾನ್ ರೇಲ್ ವಿಷಯದಲ್ಲಿ ಕಾರಣ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. 1912ರಲ್ಲೇ ಮೊಲ ಅಂತ ಗೊತ್ತಿತ್ತು. ಹಕ್ಕಿ ಇರಲಿಲ್ಲ ಅನ್ನುವ ಹಾಗೂ ಇಲ್ಲ. ಜಾಗವೂ ಇತ್ತು. ಇಲ್ಲದೇ ಹೋದದ್ದು, ಈ ಹಕ್ಕಿ ನನ್ನ ಜವಾಬ್ದಾರಿ ಅಂತ ವರ್ಷ ವರ್ಷವೂ ಹಿಂದೆ ಬಿದ್ದು ನೋಡುವ ಜನ. ತಂಡಗಳು ಬಂದವು, ಹೋದವು, ವರದಿ ಬರೆದವು. ವುಡ್‌ಹೆನ್‌ಗೆ ಅಂಥ ಜನ ಸಿಕ್ಕರು. ಅದೇ ದ್ವೀಪದಲ್ಲಿ ವಾಸಿಸುವವರೂ ಅವರಲ್ಲಿದ್ದರು. ಲೇಸಾನ್‌ನಲ್ಲಿ ಊರೇ ಇರಲಿಲ್ಲವಲ್ಲ, ಆ ವ್ಯತ್ಯಾಸವನ್ನು ಮರೆತು ತೀರ್ಪು ಕೊಡುವುದು ಸರಿಯಲ್ಲ.

ಗುವಾಮ್ ದ್ವೀಪದ ರೇಲ್ ಕತೆಯೂ ವುಡ್‌ಹೆನ್ ದಾರಿಯಲ್ಲೇ ಹೋಯಿತು. ಅಲ್ಲಿ ಹೊರಗಿನಿಂದ ಬಂದ ಕಂದು ಮರಹಾವು ಹಕ್ಕಿಗಳನ್ನೆಲ್ಲ ತಿಂದು ಮುಗಿಸುತ್ತಿದ್ದಾಗ, 1980ರ ದಶಕದಲ್ಲಿ ಉಳಿದಿದ್ದ ಕೆಲವೇ ರೇಲ್‌ಗಳನ್ನು ಹಿಡಿದು ಸಾಕಿದರು. ಹಾವಿಲ್ಲದ ಹತ್ತಿರದ ದ್ವೀಪಗಳಲ್ಲಿ ಬಿಟ್ಟರು. ಕಾಡಿನಲ್ಲಿ ಅಳಿದಿದೆ ಅನ್ನುವ ಪಟ್ಟಿಯಿಂದ 2019ರಲ್ಲಿ ಅದು ಹೊರಬಂತು.

ಮಿಡ್ವೇಯಲ್ಲಿ 1990ರ ದಶಕದಲ್ಲಿ ಇಲಿಗಳನ್ನು ಪೂರ್ತಿ ತೆಗೆದರು. 2004 ಮತ್ತು 2005ರಲ್ಲಿ ಲೇಸಾನ್‌ನಿಂದ 42 ಬಾತುಗಳನ್ನು ದೋಣಿಯಲ್ಲಿ ತಂದು ಅಲ್ಲಿ ಬಿಟ್ಟರು. ಆ ಬಾತು ಕೂಡ ಮೊಲದ ಕಾಲದಲ್ಲಿ ಹತ್ತು ಹನ್ನೆರಡಕ್ಕೆ ಇಳಿದಿತ್ತು. ಮಿಡ್ವೇಯಲ್ಲಿ ಅದು ಚೆನ್ನಾಗಿ ಹೆಚ್ಚಿತು. ರೇಲ್‌ಗೆ ಮಾಡಬೇಕಿದ್ದ ಪ್ರಯಾಣವೇ ಅದು, ದಿಕ್ಕು ಮಾತ್ರ ತಿರುಗಾಮುರುಗಾ, ಅರವತ್ತು ವರ್ಷ ತಡ. ಅದನ್ನು ಓದಿದ ದಿನ ನನಗೆ ಖುಷಿಯೂ ಆಯಿತು, ಅಳುವೂ ಬಂತು.

ಇಷ್ಟೆಲ್ಲ ಬರೆದ ಮೇಲೆ ನನ್ನಲ್ಲಿ ಉಳಿದಿರುವ ಆತಂಕ ವುಡ್‌ಹೆನ್ ಬಗ್ಗೆಯೇ. ಸಾವಿರ ದಾಟಿದೆ ನಿಜ. ಆದರೆ ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವ ವುಡ್‌ಹೆನ್ ಇರುವುದು ಈಗಲೂ ಅದೊಂದೇ ದ್ವೀಪದಲ್ಲಿ. ಅದೆಲ್ಲವೂ ಬೆಟ್ಟದ ಮೇಲೆ ಉಳಿದಿದ್ದ ಆ ಬೆರಳೆಣಿಕೆ ಹಕ್ಕಿಗಳ ಸಂತಾನ, ಹಾಗಾಗಿ ಒಂದು ಹೊಸ ರೋಗ ಬಂದರೆ ಎಲ್ಲವಕ್ಕೂ ಒಟ್ಟಿಗೇ ತಗಲಬಹುದು. 1930ರ ದಶಕದ ಮಿಡ್ವೇಯಲ್ಲೂ ಹೀಗೇ ಹಕ್ಕಿ ತುಂಬಿ ತುಳುಕುತ್ತಿತ್ತು. ಇಲಿ, ಹಂದಿ, ಬೆಕ್ಕು ಇಲ್ಲದ ಇನ್ನೊಂದು ಜಾಗ ಹುಡುಕಿ ಕೆಲವು ಜೋಡಿಗಳನ್ನು ಈಗಲೇ, ಇಷ್ಟು ಜಾಸ್ತಿ ಇರುವಾಗಲೇ, ಒಯ್ದು ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಪೆಟ್ಟಿಗೆಗೆ ಹಾಕಲು ಹಕ್ಕಿ ಸಿಗುವುದು ಅವು ಜಾಸ್ತಿ ಇದ್ದಾಗ ಮಾತ್ರ.